ವ್ಯಸನಿಯೂ ಶಾಸ್ತ್ರವೂ

ಒಬ್ಬ ಮನುಷ್ಯನು ಕುಡಿತಕ್ಕೋ ಗಾಂಜಾಕ್ಕೋ ಮತ್ತಾವುದಾದರೂ ಮಾದಕ ಪದಾರ್ಥಕ್ಕೋ ವಶನಾದನೆಂಬ ಸಂಗತಿ ಊರಿಗೆ ತಿಳಿದಂದಿನಿಂದ ಅವನ ವಿಷಯವಾಗಿ ಮಾತನಾಡುವವರ ಸಂಖ್ಯೆ ಹೆಚ್ಚುತ್ತಲೂ ಅವನೊಡನೆ ಮಾತನಾಡುವವರ ಸಂಖ್ಯೆ ಕುಗ್ಗುತ್ತಲೂ ಹೋಗುವುದು ಲೋಕರೂಢಿ. ಹೆಂಡತಿ ತವರಿನವರ ಮುಂದೆ ಗೋಳು ತೋಡಿಕೊಳ್ಳುತ್ತಾಳೆ; ಕೆಲಸ ಕೊಟ್ಟ ಮಾಲೀಕನು ಮುಂಗಡದ ಹಣ ಮುಳುಗಿತೆಂದು ಲೆಕ್ಕ ಹಾಕುತ್ತಾನೆ; ಪೊಲೀಸರು ಅವನನ್ನು ಒಂದು ಪ್ರಕರಣವೆಂದೂ, ವೈದ್ಯರು ಒಂದು ರೋಗವೆಂದೂ, ಧರ್ಮಬೋಧಕರು ಒಂದು ಪಾಪವೆಂದೂ ಎಣಿಸುತ್ತಾರೆ. ಈ ಎಣಿಕೆಗಳಲ್ಲಿ ಒಂದೊಂದರಲ್ಲಿಯೂ ಸತ್ಯದ ಅಂಶವಿದ್ದೀತು. ಆದರೆ ಆ ಪದಾರ್ಥವು ದೇಹದೊಳಗೆ ಹೊಕ್ಕು ಏನು ಮಾಡುತ್ತದೆ, ಅದನ್ನು ಬಿಡಲು ಹೊರಟಾಗ ಕಾಲು ಎಲ್ಲಿ ಜಾರುತ್ತದೆ, ಆಸ್ಪತ್ರೆಯ ಬಾಗಿಲವರೆಗೆ ಹೋದವನು ಒಳಗೆ ಕಾಲಿಡದೆ ಹಿಂದಿರುಗಿದ್ದೇಕೆ ಎಂಬುದನ್ನೆಲ್ಲ ಬಲ್ಲ ಆ ಮನುಷ್ಯನನ್ನೇ ಕರೆದು ಕೇಳುವ ವಾಡಿಕೆ ಮಾತ್ರ ನಮ್ಮಲ್ಲಿ ವಿರಳ.

ನಮ್ಮ ವಿಜಯಪುರ, ಎಂದರೆ ಹಿಂದಿನ ವಡಿಗೇನಹಳ್ಳಿ, ರೇಷ್ಮೆಯ ಊರು. ಗೂಡಿನ ಗುಣವನ್ನು ಪ್ರಯೋಗಶಾಲೆಯಲ್ಲಿ ಅಳೆದು ಹೇಳುವ ಶಾಸ್ತ್ರಜ್ಞರು ಬೇಕೆಂಬುದನ್ನು ಇಲ್ಲಿ ಯಾರೂ ಅಲ್ಲಗಳೆಯರು; ಆದರೆ ಬಿಸಿನೀರಿನ ತೊಟ್ಟಿಗೆ ಕೈಯಿಟ್ಟು, ಎಳೆ ಯಾವ ಘಟ್ಟದಲ್ಲಿ ತುಂಡಾಗುತ್ತದೆಂಬುದನ್ನು ಬೆರಳ ತುದಿಯಿಂದಲೇ ಅರಿತ ನೂಲು ಬಿಚ್ಚುವವನನ್ನು ವಿಚಾರಿಸದೆ ಬರೆದ ರೇಷ್ಮೆಯ ಗ್ರಂಥವೊಂದನ್ನು ಈ ಊರಿನಲ್ಲಿ ಯಾರೂ ನೆಚ್ಚಲಾರರು. ವ್ಯಸನದ ಶಾಸ್ತ್ರಕ್ಕೆ ಬಂದೊಡನೆ ಮಾತ್ರ ನಾವು ಈ ವಿವೇಕವನ್ನು ಕೈಬಿಡುತ್ತೇವೆ. ಅನುಭವವುಳ್ಳವನು ನೀತಿಗೆಟ್ಟವನಾದ್ದರಿಂದ ಅವನ ಅನುಭವವೂ ಅಪ್ರಮಾಣವೆಂದು ತೀರ್ಮಾನಿಸುತ್ತೇವೆ. ಕಳೆದ ನಾಲ್ಕು ದಶಕಗಳಿಗೂ ಮಿಕ್ಕಿ, ಲೋಕದ ಹಲವು ನಗರಗಳಲ್ಲಿ ಮಾದಕವಸ್ತು ಸೇವಿಸುವವರೇ ಸಂಘ ಕಟ್ಟಿ, ಈ ತೀರ್ಮಾನ ತಪ್ಪೆಂದು ವಾದಿಸಿದರು. ವಾದಿಸಿದ್ದಷ್ಟೇ ಅಲ್ಲದೆ, ಅನೇಕ ಸಂದರ್ಭಗಳಲ್ಲಿ ಅದನ್ನು ಸಾಧಿಸಿಯೂ ತೋರಿಸಿದರು. ಅವರ ವಾದವನ್ನು ಕರುಣೆಯ ವಿಷಯವೆಂದೋ ಹಕ್ಕಿನ ವಿಷಯವೆಂದೋ ಮಾತ್ರ ತಿಳಿದರೆ ಅದರ ಮುಖ್ಯಾಂಶ ಕೈತಪ್ಪುತ್ತದೆ. ಮೊದಲಾಗಿ ಅದು ಸತ್ಯದ ವಿಷಯ: ವ್ಯಸನಿಯನ್ನು ಹೊರಗಿಟ್ಟು ನಡೆದ ಸಂಶೋಧನೆ ಅನ್ಯಾಯವಾದುದಷ್ಟೇ ಅಲ್ಲ, ಬಹುಮಟ್ಟಿಗೆ ಅಪೂರ್ಣವೂ ಹೌದು.

ಆರೋಗ್ಯ ಸಂಶೋಧನೆಯ ಸಾಮಾನ್ಯ ಕ್ರಮವೇನೆಂದು ಮೊದಲು ನೋಡೋಣ. ಪ್ರಶ್ನೆಯನ್ನು ವಿದ್ವಾಂಸರು ರಚಿಸುತ್ತಾರೆ. ಹಣವನ್ನು ಸರ್ಕಾರವೋ ದತ್ತಿನಿಧಿಯೋ ಒದಗಿಸುತ್ತದೆ. ಉತ್ತರವನ್ನು ರೋಗಿ ಕೊಡುತ್ತಾನೆ. ಆ ಉತ್ತರದ ಅರ್ಥವನ್ನು ಮತ್ತೆ ವಿದ್ವಾಂಸರೇ ನಿರ್ಣಯಿಸುತ್ತಾರೆ. ಈ ಕ್ರಮದಿಂದ ಉಪಕಾರವಾಗಿಲ್ಲವೆಂದು ಹೇಳುವುದು ಕೃತಘ್ನತೆಯಾದೀತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವಿವೇಕ್ ಬೆನೆಗಲ್ ಅವರೂ ಅವರ ಸಹೋದ್ಯೋಗಿಗಳೂ 2000ದಲ್ಲಿ ಕರ್ನಾಟಕದಲ್ಲಿ ಮದ್ಯಪಾನದ ಸಾಮಾಜಿಕ ವೆಚ್ಚವನ್ನು ಕುರಿತು ಪ್ರಕಟಿಸಿದ ಅಧ್ಯಯನವು, ಚಿಕಿತ್ಸೆಗೆ ಬಂದವರು ತಾವು ಗಳಿಸಿದ್ದಕ್ಕಿಂತ ಹೆಚ್ಚಿನದನ್ನು ಕುಡಿತಕ್ಕೆ ಸುರಿಯುತ್ತಿದ್ದರೆಂಬುದನ್ನು ತೋರಿಸಿ, ಅಬಕಾರಿಯಿಂದ ಬೊಕ್ಕಸಕ್ಕೆ ಬರುವ ಆದಾಯವನ್ನು ಅದರಿಂದಾಗುವ ನಷ್ಟದೊಡನೆ ತೂಗಿ ನೋಡುವಂತೆ ಮಾಡಿತು. ಇಂಥ ಲೆಕ್ಕ ನಾಡಿಗೆ ಅಗತ್ಯವಾಗಿತ್ತು. ಆದರೂ ಈ ಬಗೆಯ ಅಧ್ಯಯನಗಳಲ್ಲಿ ರೋಗಿಯ ಪಾತ್ರ ಯಾವುದೆಂಬುದನ್ನು ಗಮನಿಸಬೇಕು: ಅವನು ಅಂಕಿಗಳನ್ನು ಒದಗಿಸುವವನು, ಯಾವ ಅಂಕಿ ಬೇಕೆಂದು ಹೇಳುವವನಲ್ಲ. ಬಳಕೆದಾರರ ಸಂಘಗಳು ಬದಲಾಯಿಸಬೇಕೆಂದು ಹೊರಟದ್ದು ಈ ಎರಡನೆಯ ಅಂಶವನ್ನು.

ಈ ಚರಿತ್ರೆಯ ಮೊದಲ ಅಧ್ಯಾಯ ನೆದರ್ಲೆಂಡ್ಸ್ ದೇಶದ್ದು. 1970ರ ದಶಕದ ಕೊನೆಯಿಂದ 1980ರ ದಶಕದ ಆರಂಭದವರೆಗಿನ ಅವಧಿಯಲ್ಲಿ ಆಮ್‌ಸ್ಟರ್‌ಡ್ಯಾಂ, ರಾಟರ್‌ಡ್ಯಾಂ ಮೊದಲಾದ ನಗರಗಳಲ್ಲಿ ಹೆರಾಯಿನ್ ಸೇವಿಸುತ್ತಿದ್ದವರೂ ಅವರ ಹಿತೈಷಿಗಳೂ ಸಂಘಗಳನ್ನು ಸ್ಥಾಪಿಸಿದರು. ರಾಟರ್‌ಡ್ಯಾಂನ ಸಂಘಕ್ಕೆ 'ಜಂಕಿಬಾಂಡ್' ಎಂದು ಹೆಸರು. ನಿಕೋ ಆಡ್ರಿಯಾನ್ಸ್ ಎಂಬಾತ ಅದರ ಮುಂದಾಳು. 1984ರಲ್ಲಿ ಆಮ್‌ಸ್ಟರ್‌ಡ್ಯಾಂ ಪೇಟೆಯ ನಡುವಿನ ಔಷಧದಂಗಡಿಯೊಂದು ಇವರಿಗೆ ಸಿರಿಂಜುಗಳನ್ನು ಮಾರುವುದನ್ನು ನಿಲ್ಲಿಸಿತು. ಇದ್ದ ಕೆಲವೇ ಸೂಜಿಗಳು ಕೈಯಿಂದ ಕೈಗೆ ಹೋಗಿ ಹೆಪಟೈಟಿಸ್ ಬಿ ಹರಡೀತೆಂದು ಅಂಜಿದ ಅಲ್ಲಿನ ಬಳಕೆದಾರರ ಸಂಘವು ನಗರದ ಆರೋಗ್ಯ ಇಲಾಖೆಯಿಂದ ಸಿರಿಂಜುಗಳನ್ನು ತರಿಸಿಕೊಂಡು, ಬಳಸಿದ್ದನ್ನು ಹಿಂದಕ್ಕೆ ಪಡೆದು ಹೊಸದನ್ನು ಕೊಡುವ ಏರ್ಪಾಡನ್ನು ಆರಂಭಿಸಿತು. ಎಚ್‌ಐವಿಯ ಭಯ ಯುರೋಪನ್ನು ಪೂರ್ತಿಯಾಗಿ ಆವರಿಸುವುದಕ್ಕೆ ಮುಂಚೆಯೇ ನಡೆದ ಈ ಏರ್ಪಾಡು ಮುಂದೆ ಅನೇಕ ದೇಶಗಳ ಸಂಶೋಧಕರಿಗೆ ಪರೀಕ್ಷಿಸಿ ನೋಡತಕ್ಕ ಒಂದು ಪ್ರಮೇಯವಾಯಿತು. ಉಪಾಯ ಬೀದಿಯಲ್ಲಿ ಹುಟ್ಟಿತು. ಅದರ ಪರೀಕ್ಷೆ ವಿದ್ಯಾಲಯದಲ್ಲಿ ಆಯಿತು.

ಆಡ್ರಿಯಾನ್ಸ್‌ನ ಕಥೆ ಅಲ್ಲಿಗೇ ಮುಗಿಯಲಿಲ್ಲ. ಆತ ಮುಂದೆ ಜಾನ್-ಪಾಲ್ ಗ್ರುಂಡ್, ಚಾರ್ಲ್ಸ್ ಕಪ್ಲಾನ್ ಮೊದಲಾದ ಸಂಶೋಧಕರ ತಂಡದಲ್ಲಿ ಕ್ಷೇತ್ರಕಾರ್ಯ ಮಾಡಿದ. 1991ರಲ್ಲಿ ಆ ತಂಡವು ಪ್ರಕಟಿಸಿದ ಒಂದು ಮಹತ್ತ್ವದ ಲೇಖನದ ಕರ್ತೃಗಳಲ್ಲಿ ಅವನ ಹೆಸರೂ ಉಂಟು. ಅಲ್ಲಿಯವರೆಗೆ ವೈದ್ಯರು ಕೇಳುತ್ತಿದ್ದ ಪ್ರಶ್ನೆ ಒಂದೇ: "ನೀನು ಬೇರೊಬ್ಬರ ಸೂಜಿಯನ್ನು ಬಳಸುತ್ತೀಯಾ?" ಇಲ್ಲವೆಂದವನು ಸುರಕ್ಷಿತನೆಂದು ಲೆಕ್ಕ. ಆದರೆ ಇಬ್ಬರು ಹಣ ಕೂಡಿಸಿ ಮಾದಕವಸ್ತುವನ್ನು ಕೊಂಡಾಗ, ಒಬ್ಬನ ಸಿರಿಂಜಿನಲ್ಲಿರುವ ದ್ರಾವಣದ ಅರ್ಧ ಭಾಗವನ್ನು ಮತ್ತೊಬ್ಬನ ಸಿರಿಂಜಿಗೆ ನೇರವಾಗಿ ಹಾಯಿಸಿ ಪಾಲು ಮಾಡುವ ಪದ್ಧತಿ ಅವರಲ್ಲಿ ಇತ್ತು. ಇಬ್ಬರೂ ತಂತಮ್ಮ ಸೂಜಿಯನ್ನೇ ಬಳಸಿದರು. ಆದ್ದರಿಂದ ಇಬ್ಬರೂ "ಇಲ್ಲ" ಎಂದು ಪ್ರಾಮಾಣಿಕವಾಗಿಯೇ ಉತ್ತರಿಸಿದರು. ಆದರೂ ಮೊದಲನೆಯ ಸಿರಿಂಜಿನಲ್ಲಿ ರಕ್ತದ ಲೇಶವಿದ್ದರೆ ರೋಗಾಣು ಎರಡನೆಯದಕ್ಕೆ ದಾಟುವುದಕ್ಕೆ ಅಡ್ಡಿಯಿರಲಿಲ್ಲ. ಈ ಅಪಾಯವನ್ನು ಕಾಣಲು ಸೂಕ್ಷ್ಮದರ್ಶಕ ಸಾಲದು. ಆ ಕೋಣೆಯಲ್ಲಿ ಕುಳಿತು, ಪಾಲು ಮಾಡುವ ಕ್ಷಣವನ್ನು ಅದರ ಅರ್ಥ ಬಲ್ಲವನ ಕಣ್ಣಿನಿಂದ ನೋಡಬೇಕು. ಪ್ರಶ್ನಾವಳಿಯ ಪ್ರಶ್ನೆಯೇ ತಪ್ಪಾಗಿರುವಲ್ಲಿ ಉತ್ತರಗಳನ್ನು ಎಷ್ಟು ಸಾವಿರ ಕೂಡಿಹಾಕಿದರೇನು?

ಇದೇ ಕಾಲದಲ್ಲಿ ನ್ಯೂಯಾರ್ಕ್ ನಗರದಿಂದ ಮತ್ತೊಂದು ಪಾಠ ಬಂದಿತು. ಚುಚ್ಚುಮದ್ದಿನ ವ್ಯಸನಿಗಳು ಸ್ವಂತ ಆರೋಗ್ಯದ ಗೊಡವೆಯೇ ಇಲ್ಲದವರು, ಅವರಿಗೆ ಬುದ್ಧಿ ಹೇಳುವುದು ವ್ಯರ್ಥ ಎಂಬ ಅಭಿಪ್ರಾಯ ಆಗ ವಿದ್ವದ್ವಲಯದಲ್ಲಿಯೂ ಪ್ರಬಲವಾಗಿತ್ತು. ಡಾನ್ ಡೆ ಜಾರ್ಲೇ, ಸ್ಯಾಮ್ಯುಯೆಲ್ ಫ್ರೀಡ್‌ಮನ್ ಮತ್ತು ಸಂಗಡಿಗರು 1985ರಲ್ಲಿ ಪ್ರಕಟಿಸಿದ ಅಧ್ಯಯನವು ಇದಕ್ಕೆ ವಿರುದ್ಧವಾದ ಸಂಗತಿಯನ್ನು ಹೊರಗೆಡಹಿತು: ಏಡ್ಸ್ ಸುದ್ದಿ ಬೀದಿಗೆ ತಲುಪಿದೊಡನೆ, ಯಾವ ಸರ್ಕಾರಿ ಪ್ರಚಾರಕ್ಕೂ ಕಾಯದೆ, ಅಲ್ಲಿನವರು ಹೊಸ ಸೂಜಿಗಳನ್ನು ಅರಸತೊಡಗಿದ್ದರು, ಬೇಡಿಕೆ ಹೆಚ್ಚಿದ್ದರಿಂದ ಕಳ್ಳಸಂತೆಯಲ್ಲಿ ಹಳೆಯ ಸೂಜಿಯನ್ನೇ ಮತ್ತೆ ಹೊದಿಕೆ ಹಾಕಿ ಹೊಸದೆಂದು ಮಾರುವ ಮೋಸವೂ ಹುಟ್ಟಿಕೊಂಡಿತ್ತು. ತನ್ನ ಮೇಲೆ ತನಗೇ ಹತೋಟಿಯಿಲ್ಲವೆಂದು ನಾವು ತೀರ್ಮಾನಿಸಿದ ಮನುಷ್ಯನು ಜೀವವನ್ನು ಉಳಿಸಿಕೊಳ್ಳಲು ಹೆಣಗುತ್ತಿದ್ದನೆಂಬ ಈ ಅರಿವು, ಆ ಹೆಣಗಾಟಕ್ಕೆ ಒತ್ತಾಸೆ ಕೊಡುವ ಕಾರ್ಯಕ್ರಮಗಳಿಗೆ ದಾರಿ ಮಾಡಿತು. ಹೆರಾಯಿನ್‌ನಂಥ ಪದಾರ್ಥದ ಅತಿಮಾತ್ರೆಯಿಂದ ಉಸಿರು ನಿಂತವನನ್ನು ಬದುಕಿಸುವ ನಲೋಕ್ಸೋನ್ ಎಂಬ ಔಷಧವನ್ನು 1996ರಿಂದ ಷಿಕಾಗೋದಲ್ಲಿ ವೈದ್ಯರ ಕೈಯಿಂದ ಬಳಕೆದಾರರ ಕೈಗೇ ಕೊಡತೊಡಗಿದವರೂ ಬಳಕೆದಾರರ ನಡುವೆ ಕೆಲಸಮಾಡುತ್ತಿದ್ದ ಸಂಘಟನೆಯವರೇ. ಅದು ಪ್ರಾಣ ಉಳಿಸುತ್ತದೆಂದು ತೋರಿಸಿದ ವಿಸ್ತಾರವಾದ ಅಧ್ಯಯನಗಳು ಅನಂತರ ಬಂದವು.

ಇನ್ನು ಎಣಿಕೆಯ ಸಮಸ್ಯೆ. ಮತದಾರರ ಪಟ್ಟಿಯಂತೆ ಹೆರಾಯಿನ್ ಸೇವಿಸುವವರ ಪಟ್ಟಿ ಎಲ್ಲಿಯೂ ಇಲ್ಲ. ಮನೆಮನೆಗೆ ಹೋಗಿ ಕೇಳಿದರೆ ನಿಜ ಹೇಳುವವರೂ ಇಲ್ಲ. ಪಟ್ಟಿಯಿಲ್ಲದ ಜನರನ್ನು ಎಣಿಸುವುದು ಹೇಗೆ? ಡಗ್ಲಾಸ್ ಹೆಕಥಾರ್ನ್ ಎಂಬ ಸಮಾಜಶಾಸ್ತ್ರಜ್ಞರು 1997ರಲ್ಲಿ ಮಂಡಿಸಿದ ವಿಧಾನ, ಅಮೆರಿಕದ ಕನೆಟಿಕಟ್ ಸಂಸ್ಥಾನದಲ್ಲಿ ಚುಚ್ಚುಮದ್ದಿನ ಬಳಕೆದಾರರ ನಡುವೆ ನಡೆದ ಏಡ್ಸ್ ತಡೆಯ ಕೆಲಸದಿಂದ ಹುಟ್ಟಿದ್ದು. ಅಲ್ಲಿ ತಿಳಿವಳಿಕೆ ಹೇಳುವ ಕೆಲಸವನ್ನೂ ಹೊಸಬರನ್ನು ಕರೆತರುವ ಕೆಲಸವನ್ನೂ ಬಳಕೆದಾರರಿಗೇ ವಹಿಸಲಾಗಿತ್ತು. ಮೊದಲು ಕೆಲವರನ್ನು ಸಂದರ್ಶಿಸಿ, ಒಬ್ಬೊಬ್ಬರಿಗೂ ಎರಡು ಮೂರು ಚೀಟಿಗಳನ್ನು ಕೊಡುವುದು. ಅವರು ತಮಗೆ ಪರಿಚಿತರಾದವರಿಗೆ ಆ ಚೀಟಿಯನ್ನು ಕೊಟ್ಟು ಕಳಿಸುವುದು. ಬಂದವರಿಗೆ ಮತ್ತೆ ಚೀಟಿ ಕೊಡುವುದು. ಹೀಗೆ ಬೆಳೆದ ಸರಪಣಿಯಲ್ಲಿ ಯಾರಿಗೆ ಎಷ್ಟು ಮಂದಿಯ ಪರಿಚಯವಿದೆ ಎಂಬುದನ್ನು ಗಣಿತಕ್ಕೆ ಅಳವಡಿಸಿ, ಒಟ್ಟು ಸಮುದಾಯದ ಸ್ವರೂಪವನ್ನು ಅಂದಾಜು ಮಾಡುವುದು. ಗಣಿತ ವಿದ್ವಾಂಸರದು, ಆದರೆ ಗಣಿತ ನಡೆಯುವ ಹಾದಿ ಸ್ನೇಹದ ಹಾದಿ, ಅದನ್ನು ಹಾಕಿಕೊಟ್ಟವರು ಆ ಜನರೇ.

ಈ ವಿಧಾನ ನಮ್ಮ ದೇಶಕ್ಕೂ ಬಂದಿದೆ. ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ನೇತೃತ್ವದಲ್ಲಿ ನಡೆದು 2019ರಲ್ಲಿ ಪ್ರಕಟವಾದ ಮಾದಕವಸ್ತು ಬಳಕೆಯ ರಾಷ್ಟ್ರೀಯ ಸಮೀಕ್ಷೆಯು ಎರಡು ಕಾಲುಗಳ ಮೇಲೆ ನಿಂತಿತ್ತು. ಒಂದು, 2 ಲಕ್ಷ ಮನೆಗಳಿಗೆ ಹೋಗಿ ಮಾಡಿದ ವಿಚಾರಣೆ. ಮತ್ತೊಂದು, ನೂರಕ್ಕೂ ಮಿಕ್ಕ ಜಿಲ್ಲೆಗಳಲ್ಲಿ ಮೇಲೆ ಹೇಳಿದ ಸರಪಣಿಯ ಕ್ರಮದಿಂದ 70 ಸಾವಿರಕ್ಕೂ ಹೆಚ್ಚು ಬಳಕೆದಾರರನ್ನು ತಲುಪಿ ಮಾಡಿದ ವಿಚಾರಣೆ. 10ರಿಂದ 75 ವರ್ಷದವರಲ್ಲಿ ಶೇ. 14.6 ಮಂದಿ, ಎಂದರೆ ಸುಮಾರು 16 ಕೋಟಿ ಜನ, ಮದ್ಯ ಸೇವಿಸುತ್ತಾರೆಂದೂ, ಚುಚ್ಚುಮದ್ದಿನ ಮೂಲಕ ಮಾದಕವಸ್ತು ತೆಗೆದುಕೊಳ್ಳುವವರು ಸುಮಾರು 8.5 ಲಕ್ಷವೆಂದೂ ಅದು ಅಂದಾಜು ಮಾಡಿತು. ಆ ಅಂಕಿಗಳಿಗಿಂತ ನಮ್ಮನ್ನು ಹೆಚ್ಚು ಕಾಡಬೇಕಾದ ಅಂಕಿ ಬೇರೊಂದುಂಟು: ಮದ್ಯಕ್ಕೆ ಸಂಪೂರ್ಣ ಅಧೀನರಾದ 38 ಮಂದಿಯಲ್ಲಿ ಒಬ್ಬನಿಗೆ ಮಾತ್ರ ಏನಾದರೊಂದು ಚಿಕಿತ್ಸೆ ಅಥವಾ ನೆರವು ದೊರೆತಿದೆ. ಮಿಕ್ಕ 37 ಮಂದಿ ಏಕೆ ಬರಲಿಲ್ಲವೆಂಬುದನ್ನು ಬಂದ ಒಬ್ಬನಿಂದ ತಿಳಿಯಲಾಗದು. ಆಸ್ಪತ್ರೆಯಲ್ಲಿ ಕುಳಿತು ನಡೆಸುವ ಸಂಶೋಧನೆಗೆ ಸಿಗುವವನಾದರೋ ಆ ಒಬ್ಬನೇ.

ಇಷ್ಟರವರೆಗೆ ಹೇಳಿದ್ದು ಸಹಕಾರದ ಕಥೆ. ಬಳಕೆದಾರರು ಸಂಶೋಧನೆಯನ್ನು ವಿರೋಧಿಸಿದ ಸಂದರ್ಭಗಳೂ ಇವೆ, ಮತ್ತು ಅವುಗಳಿಂದ ಕಲಿಯತಕ್ಕದ್ದು ಇನ್ನೂ ಹೆಚ್ಚು. ಥಾಯ್ಲೆಂಡಿನ ಮಾದಕವಸ್ತು ಬಳಕೆದಾರರ ಒಕ್ಕೂಟ 2002ರ ಕೊನೆಯಲ್ಲಿ ಹುಟ್ಟಿತು. ಕೆಲವೇ ವಾರಗಳಲ್ಲಿ, 2003ರ ಫೆಬ್ರವರಿಯಲ್ಲಿ, ಅಲ್ಲಿನ ಸರ್ಕಾರ ಮಾದಕವಸ್ತುಗಳ ವಿರುದ್ಧ ಸಮರ ಸಾರಿತು. ಮೂರು ತಿಂಗಳೊಳಗೆ ಎರಡು ಸಾವಿರಕ್ಕೂ ಹೆಚ್ಚು ಮಂದಿ ಕೊಲೆಯಾದರು. ಇಂಥ ಭಯದ ನಡುವೆ, 2005ರಲ್ಲಿ, ಬ್ಯಾಂಕಾಕ್ ನಗರಾಡಳಿತ, ಥಾಯ್ ಆರೋಗ್ಯ ಸಚಿವಾಲಯ ಮತ್ತು ಅಮೆರಿಕದ ರೋಗ ನಿಯಂತ್ರಣ ಕೇಂದ್ರಗಳ ಆಶ್ರಯದಲ್ಲಿ, ಟೆನೋಫೋವಿರ್ ಎಂಬ ಮಾತ್ರೆಯನ್ನು ದಿನವೂ ನುಂಗಿದರೆ ಚುಚ್ಚುಮದ್ದಿನ ಬಳಕೆದಾರರಿಗೆ ಎಚ್‌ಐವಿ ತಗಲದಂತೆ ತಡೆಯಬಹುದೇ ಎಂದು ಪರೀಕ್ಷಿಸುವ ಪ್ರಯೋಗ ಮೊದಲಾಯಿತು. ಭಾಗವಹಿಸಿದವರು 2,413 ಮಂದಿ. ಅವರಿಗೆ ಆಪ್ತಸಲಹೆಯಿತ್ತು, ಕಾಂಡೋಮ್ ಇತ್ತು, ಸೂಜಿ ತೊಳೆಯಲು ಬ್ಲೀಚಿಂಗ್ ದ್ರಾವಣವಿತ್ತು. ಹೊಸ ಸೂಜಿ ಮಾತ್ರ ಇರಲಿಲ್ಲ. ಅಮೆರಿಕದ ಒಕ್ಕೂಟ ಸರ್ಕಾರದ ಹಣದಿಂದ ಸೂಜಿ ಹಂಚಕೂಡದೆಂಬ ನಿಷೇಧ 1988ರಿಂದಲೂ ಜಾರಿಯಲ್ಲಿತ್ತು.

ಬಳಕೆದಾರರ ಒಕ್ಕೂಟವು ಎತ್ತಿದ ಆಕ್ಷೇಪಣೆ ಸರಳವಾದುದು: ರೋಗ ತಡೆಯುವುದೆಂದು ಈಗಾಗಲೇ ತಿಳಿದಿರುವ ಸಾಧನವನ್ನು ಕೊಡದೆ, ತಡೆಯಬಹುದೋ ಏನೋ ಎಂಬ ಸಾಧನವನ್ನು ಪರೀಕ್ಷಿಸುವುದು ಧರ್ಮವೆ? ಪ್ರಯೋಗ ನಿಲ್ಲಲಿಲ್ಲ. 2013ರಲ್ಲಿ ಫಲಿತಾಂಶ ಪ್ರಕಟವಾದಾಗ, ಮಾತ್ರೆ ನುಂಗಿದವರಲ್ಲಿ 17 ಮಂದಿಗೂ ಹುಸಿಮಾತ್ರೆ ನುಂಗಿದವರಲ್ಲಿ 33 ಮಂದಿಗೂ ಸೋಂಕು ತಗಲಿತ್ತು. ಲೆಕ್ಕದಲ್ಲಿ ಸೋಂಕು ಶೇ. 48.9ರಷ್ಟು ಇಳಿದಿತ್ತು. ಮಾತ್ರೆಗೆ ಗುಣವುಂಟೆಂಬುದು ನಿಶ್ಚಯವಾಯಿತು, ಅದು ಲಾಭವೇ ಸರಿ. ಆದರೆ ಪ್ರಯೋಗದ ಅವಧಿಯಲ್ಲಿ ಚುಚ್ಚಿಕೊಳ್ಳುವ ರೂಢಿಯೇ ಕಡಮೆಯಾಗುತ್ತ ಬಂದಿದ್ದರಿಂದ, ಮಾತ್ರೆ ತಡೆದದ್ದು ಸೂಜಿಯ ಮೂಲಕ ಬರುವ ಸೋಂಕನ್ನೋ ಲೈಂಗಿಕ ಸಂಪರ್ಕದಿಂದ ಬರುವುದನ್ನೋ ಎಂಬ ಚರ್ಚೆ ವಿದ್ವಾಂಸರಲ್ಲಿ ಉಳಿಯಿತು. ಹೊಸ ಸೂಜಿ ಧಾರಾಳವಾಗಿ ದೊರೆಯುವಲ್ಲಿ ಈ ಮಾತ್ರೆಯಿಂದ ಎಷ್ಟು ಹೆಚ್ಚಿನ ಪ್ರಯೋಜನವೆಂಬ ಪ್ರಶ್ನೆಗೆ ಆ ಪ್ರಯೋಗದೊಳಗೆ ಉತ್ತರವೇ ಇಲ್ಲ. ಬಳಕೆದಾರರು ಧರ್ಮದ ಹೆಸರಿನಲ್ಲಿ ಎತ್ತಿದ ಆಕ್ಷೇಪಣೆ ಶಾಸ್ತ್ರದ ದೃಷ್ಟಿಯಿಂದಲೂ ಯುಕ್ತವಾಗಿತ್ತೆಂಬುದು ಹೀಗೆ ತೋರಿಬಂದಿತು.

ಕೆನಡಾದ ವ್ಯಾಂಕೂವರ್ ನಗರದ ಕಥೆ ಮತ್ತೊಂದು ಬಗೆಯದು. ಅಲ್ಲಿನ ಬಳಕೆದಾರರ ಸಂಘ 'ವಾಂಡು' 1990ರ ದಶಕದ ಕೊನೆಯಲ್ಲಿ, ಅತಿಮಾತ್ರೆಯ ಸಾವುಗಳೂ ಎಚ್‌ಐವಿಯೂ ಏಕಕಾಲಕ್ಕೆ ಏರಿದಾಗ, ಕವಿ ಬಡ್ ಆಸ್‌ಬಾರ್ನ್ ಮೊದಲಾದವರ ಪ್ರಯತ್ನದಿಂದ ಹುಟ್ಟಿತು; ದಾದಿಯರ ಮೇಲ್ವಿಚಾರಣೆಯಲ್ಲಿ ಚುಚ್ಚಿಕೊಳ್ಳಲು ಅವಕಾಶವಿರುವ ಕೇಂದ್ರವೊಂದು 2003ರಲ್ಲಿ ತೆರೆಯುವುದಕ್ಕೆ ಅದರ ಹೋರಾಟವೂ ಕಾರಣ. ಆ ಕೇಂದ್ರದ ಸುತ್ತಲಿನ ಪ್ರದೇಶದಲ್ಲಿ ಅತಿಮಾತ್ರೆಯ ಸಾವು ಶೇ. 35ರಷ್ಟು ಇಳಿಯಿತೆಂದು 2011ರ ಅಧ್ಯಯನವೊಂದು ತೋರಿಸಿತು. ಅದೇ ವರ್ಷ ಕೆನಡಾದ ಸರ್ವೋಚ್ಚ ನ್ಯಾಯಾಲಯ ಕೇಂದ್ರವನ್ನು ಮುಚ್ಚಕೂಡದೆಂದು ತೀರ್ಪಿತ್ತಿತು. ಇಷ್ಟಾದರೂ ಅದೇ ನಗರದಲ್ಲಿ, 2005ರಿಂದ 2008ರವರೆಗೆ ನಡೆದ 'ನವೋಮಿ' ಎಂಬ ಪ್ರಯೋಗದ ಬಗೆಗೆ ಅದರಲ್ಲಿ ಭಾಗವಹಿಸಿದವರಿಂದಲೇ ದೂರು ಬಂದಿತು. ಬೇರೆ ಚಿಕಿತ್ಸೆಗಳಿಂದ ಗುಣ ಕಾಣದವರಿಗೆ ವೈದ್ಯರ ಕಣ್ಗಾವಲಿನಲ್ಲಿ ಹೆರಾಯಿನನ್ನೇ ಔಷಧವಾಗಿ ಕೊಟ್ಟಾಗ ಶೇ. 87.8 ಮಂದಿ ಚಿಕಿತ್ಸೆಯಲ್ಲಿ ಉಳಿದರು, ಹೆರಾಯಿನ್‌ಗೆ ಬದಲಿ ಔಷಧವಾದ ಮೆಥಡೋನ್ ಪಡೆದವರಲ್ಲಿ ಉಳಿದವರು ಶೇ. 54.1 ಮಾತ್ರ. ಪ್ರಯೋಗ ಸಫಲವಾಯಿತು, ಸಫಲವಾದೊಡನೆ ಮುಗಿಯಿತು, ಔಷಧವೂ ನಿಂತಿತು. ಯಾರ ದೇಹದ ಮೇಲೆ ಈ ಚಿಕಿತ್ಸೆ ಉತ್ತಮವೆಂದು ಸಿದ್ಧವಾಯಿತೋ ಅವರಿಗೇ ಅದು ಇಲ್ಲವಾಯಿತು. 2011ರಲ್ಲಿ ಅವರು ತಮ್ಮದೇ ಸಂಘ ಕಟ್ಟಿ, ತಮ್ಮ ಅನುಭವವನ್ನು ತಾವೇ ಸಂಶೋಧಿಸಿ ಮುಂದಿನ ವರ್ಷ ವರದಿ ಹೊರತಂದರು. ಪ್ರಯೋಗ ಮುಗಿದ ಮೇಲಿನ ವ್ಯವಸ್ಥೆ ಪ್ರಯೋಗ ಆರಂಭವಾಗುವುದಕ್ಕೆ ಮುಂಚೆಯೇ ನಿಶ್ಚಯವಾಗಬೇಕೆಂಬುದು ಅವರ ಬೇಡಿಕೆಗಳಲ್ಲಿ ಪ್ರಧಾನವಾದುದು. ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2017ರ ನೈತಿಕ ಮಾರ್ಗಸೂಚಿಯಲ್ಲಿಯೂ ಪ್ರಯೋಗಾನಂತರದ ಚಿಕಿತ್ಸೆಯ ವಿಚಾರ ಸ್ಥಾನ ಪಡೆದಿದೆ.

ಹೊರಗಿಡುವುದರಿಂದ ಹುಟ್ಟುವ ಅಜ್ಞಾನಕ್ಕೆ ಹೆಪಟೈಟಿಸ್ ಸಿ ಅತ್ಯುತ್ತಮ ನಿದರ್ಶನ. ಈ ರೋಗ ಸೂಜಿಯ ಮೂಲಕ ಹರಡುವುದು ಹೆಚ್ಚು. ಆದರೂ ಅದರ ಔಷಧಗಳ ಪರೀಕ್ಷೆಯಿಂದ ಚುಚ್ಚುಮದ್ದಿನ ಬಳಕೆದಾರರನ್ನು ಬಹುಕಾಲ ದೂರವಿಡಲಾಗಿತ್ತು. ಅವರಲ್ಲಿ ಔಷಧ ಫಲಿಸುತ್ತದೆಂಬುದಕ್ಕೆ ಆಧಾರವಿಲ್ಲವೆಂದು ಚಿಕಿತ್ಸೆ ನಿರಾಕರಿಸುವುದು, ಚಿಕಿತ್ಸೆ ಪಡೆದವರೇ ಇಲ್ಲವಾದ್ದರಿಂದ ಆಧಾರ ಹುಟ್ಟದಿರುವುದು: ಈ ಚಕ್ರವನ್ನು ಮುರಿದುದು ಬಳಕೆದಾರರ ಸಂಘಗಳೂ ಅವರ ಪರ ನಿಂತ ಕೆಲವು ವೈದ್ಯರೂ. 2018ರಲ್ಲಿ ಪ್ರಕಟವಾದ ಒಂದು ಅಂತರರಾಷ್ಟ್ರೀಯ ಅಧ್ಯಯನದಲ್ಲಿ, ಚಿಕಿತ್ಸೆಗೆ ಹಿಂದಿನ ಆರು ತಿಂಗಳಲ್ಲಿ ಚುಚ್ಚಿಕೊಂಡಿದ್ದ 103 ಮಂದಿಗೆ ಹೊಸ ಮಾತ್ರೆಗಳನ್ನು ಕೊಟ್ಟಾಗ ಶೇ. 94 ಮಂದಿ ಗುಣವಾದರು. ನಮ್ಮ ದೇಶದಲ್ಲಿ ಈ ಹೋರಾಟಕ್ಕೆ ಮಣಿಪುರದ ನೋವು ಬೆನ್ನೆಲುಬಾಯಿತು. 1989-90ರಲ್ಲಿ ಅಲ್ಲಿನ ಚುಚ್ಚುಮದ್ದಿನ ಬಳಕೆದಾರರಲ್ಲಿ ಎಚ್‌ಐವಿ ಕೆಲವೇ ತಿಂಗಳಲ್ಲಿ ಶೂನ್ಯದಿಂದ ಸುಮಾರು ಅರ್ಧದಷ್ಟು ಮಂದಿಗೆ ಹರಡಿತು. ಆ ದುರಂತದ ನಡುವೆಯೇ ಇಂಫಾಲದಲ್ಲಿ, ವ್ಯಸನದಿಂದ ಹೊರಬಂದವರು ಸೇರಿ 'ಸಾಸೋ' ಎಂಬ ಸಂಸ್ಥೆಯನ್ನು ಕಟ್ಟಿದರು. ಹೊಸ ಹೆಪಟೈಟಿಸ್ ಔಷಧ ಸೊಫೋಸ್‌ಬುವಿರ್ ಅಮೆರಿಕದಲ್ಲಿ ಒಂದು ಮಾತ್ರೆಗೆ 1,000 ಡಾಲರ್ ಬೆಲೆಗೆ ಮಾರಾಟವಾಗುತ್ತಿದ್ದಾಗ, ದೆಹಲಿಯ ಎಚ್‌ಐವಿ ಸೋಂಕಿತರ ಒಕ್ಕೂಟವು ಭಾರತದಲ್ಲಿ ಅದರ ಪೇಟೆಂಟನ್ನು ವಿರೋಧಿಸಿತು. ಪೇಟೆಂಟ್ ಕಚೇರಿ 2015ರಲ್ಲಿ ಅರ್ಜಿಯನ್ನು ತಿರಸ್ಕರಿಸಿ 2016ರಲ್ಲಿ ಮಂಜೂರು ಮಾಡಿದರೂ, ಭಾರತದ ಕಂಪನಿಗಳು ತಯಾರಿಸಿದ ಔಷಧದ ಬೆಲೆ ಬಹಳ ಇಳಿಯಿತು. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಈಗ ಆ ಚಿಕಿತ್ಸೆ ಉಚಿತ.

ಕನ್ನಡನಾಡಿನಲ್ಲಿ ಇದಕ್ಕೆ ಅತಿ ಸಮೀಪದ ದೃಷ್ಟಾಂತ ಮೈಸೂರಿನದು. ಅದು ಮಾದಕವಸ್ತು ಬಳಸುವವರದಲ್ಲ, ಅವರಂತೆಯೇ ಸಮಾಜದ ತಿರಸ್ಕಾರಕ್ಕೂ ಪೊಲೀಸರ ಲಾಠಿಗೂ ಗುರಿಯಾದ ಲೈಂಗಿಕ ಕಾರ್ಯಕರ್ತೆಯರದು. 2004ರಲ್ಲಿ ಎಚ್‌ಐವಿ ತಡೆಯ ಯೋಜನೆಯೊಂದು ಅಲ್ಲಿ ಆರಂಭವಾಯಿತು. ಕ್ರಮೇಣ ಅದರ ಆಡಳಿತ ಆ ಹೆಂಗಸರ ಕೈಗೇ ಬಂದು 'ಆಶೋದಯ ಸಮಿತಿ' ಎಂಬ ಸ್ವಂತ ಸಂಘವಾಯಿತು. 2004ರಲ್ಲಿಯೂ 2006ರಲ್ಲಿಯೂ ನಡೆದ ಎರಡು ಸಮೀಕ್ಷೆಗಳ ನಡುವೆ ಅವರಲ್ಲಿ ಸಿಫಿಲಿಸ್ ರೋಗ ಶೇ. 25ರಿಂದ ಶೇ. 12ಕ್ಕೆ ಇಳಿದಿತ್ತು. ಇಲ್ಲಿ ಗಮನಿಸತಕ್ಕ ಸಂಗತಿ ಒಂದುಂಟು. ಬ್ಯಾಂಕಾಕಿನಲ್ಲಿ ಪರೀಕ್ಷೆಗೊಳಗಾದ ಅದೇ ಟೆನೋಫೋವಿರ್ ಔಷಧವನ್ನು ಒಳಗೊಂಡ ತಡೆಮಾತ್ರೆಯ ಪ್ರಾತ್ಯಕ್ಷಿಕ ಯೋಜನೆ ಮುಂದೆ ಮೈಸೂರಿನಲ್ಲಿಯೂ ಕೋಲ್ಕತ್ತದ ಸೋನಾಗಾಚಿಯಲ್ಲಿಯೂ ನಡೆಯಿತು. ಮೈಸೂರಿನಲ್ಲಿ, ಮಾತ್ರೆ ಬೇಕೇ ಬೇಡವೇ, ಬೇಕಾದರೆ ಯಾವ ಕಟ್ಟುಪಾಡಿನಲ್ಲಿ, ಮಾತ್ರೆ ಬಂದೊಡನೆ ಕಾಂಡೋಮ್ ಬಳಕೆ ಕುಸಿದರೆ ಏನು ಗತಿ ಎಂಬ ಚರ್ಚೆ ಸಮುದಾಯದೊಳಗೇ ಮೊದಲು ನಡೆಯಿತು. ಮಾತ್ರೆ ತಲುಪಿಸಿದವರೂ ನೆನಪಿಸಿದವರೂ ಅವರ ಗೆಳತಿಯರೇ. ಭಾಗವಹಿಸಿದ 600ಕ್ಕೂ ಹೆಚ್ಚು ಮಂದಿಯಲ್ಲಿ ಬಹುಮಟ್ಟಿಗೆ ಎಲ್ಲರೂ ಕೊನೆಯವರೆಗೆ ಉಳಿದರು. ಹೊಸ ಸೋಂಕು ಒಂದೂ ಕಂಡುಬರಲಿಲ್ಲ. ಒಂದು ನಗರದಲ್ಲಿ ಪ್ರಯೋಗ ಬೀದಿಗೆ ಬಂದ ಆಕ್ಷೇಪಣೆಯ ನಡುವೆ ಸಾಗಿತು, ಮತ್ತೊಂದರಲ್ಲಿ ಸಂಘದ ಅಂಗಳದಲ್ಲಿ ಒಪ್ಪಿಗೆ ಪಡೆದು ಸಾಗಿತು. ದೇಶ, ಕಾಲ, ಜನ ಬೇರೆಯಾದ್ದರಿಂದ ಎರಡರ ಅಂಕಿಗಳನ್ನು ಹೋಲಿಸುವುದು ಸಲ್ಲದು; ಕ್ರಮಗಳನ್ನು ಹೋಲಿಸಬಹುದು.

ಇಲ್ಲಿ ವಿವೇಕಿಗಳಾದ ಓದುಗರು ಕೆಲವು ಆಕ್ಷೇಪಗಳನ್ನು ಎತ್ತಿಯಾರು. ವ್ಯಸನದಲ್ಲಿ ಮುಳುಗಿದವನ ಬುದ್ಧಿಯನ್ನು ನಂಬುವುದು ಹೇಗೆ ಎಂಬುದು ಒಂದು. ಇದಕ್ಕೆ ಉತ್ತರ, ಅವನನ್ನು ನ್ಯಾಯಾಧೀಶನನ್ನಾಗಿ ಮಾಡಬೇಕೆಂದು ಯಾರೂ ಕೇಳುತ್ತಿಲ್ಲವೆಂಬುದು; ಅವನ ಮಾತು ಸಾಕ್ಷ್ಯ, ಎಲ್ಲ ಸಾಕ್ಷ್ಯದಂತೆ ಅದೂ ಪರೀಕ್ಷೆಗೆ ಒಳಪಟ್ಟದ್ದು. ಪಾಲು ಮಾಡುವ ಪದ್ಧತಿಯಿಂದ ಸೋಂಕು ಹರಡೀತೆಂದು ರಾಟರ್‌ಡ್ಯಾಂನವರು ಹೇಳಿದ ಮಾತ್ರಕ್ಕೆ ಅದು ಸಿದ್ಧಾಂತವಾಗಲಿಲ್ಲ, ಪರಿಶೀಲನೆಗೆ ಯೋಗ್ಯವಾದ ಊಹೆಯಾಯಿತು. ಸಂಘ ಕಟ್ಟಿದವರು ಎಲ್ಲರ ಪರವಾಗಿಯೂ ಮಾತನಾಡಬಲ್ಲರೇ ಎಂಬುದು ಎರಡನೆಯ ಆಕ್ಷೇಪ, ಮತ್ತು ಇದು ಹೆಚ್ಚು ಗಟ್ಟಿಯಾದುದು. ಸಭೆಗೆ ಬರಬಲ್ಲವನು, ಮಾತನಾಡಬಲ್ಲವನು, ಅದರಲ್ಲಿಯೂ ಗಂಡಸು ಮುಂದೆ ಬರುತ್ತಾನೆ. ಮನೆಯೊಳಗೆ ಗುಟ್ಟಾಗಿ ಮಾತ್ರೆ ನುಂಗುವ ಹೆಂಗಸಿನ ದನಿ ಅಲ್ಲಿಗೂ ತಲುಪುವುದಿಲ್ಲ. ಕುಡುಕನ ಏಟು ತಿಂದ ಹೆಂಡತಿ ಮಕ್ಕಳ ಹಿತ ಕುಡುಕನ ಹಿತದೊಡನೆ ಯಾವಾಗಲೂ ಒಂದಾಗಿರುವುದೂ ಇಲ್ಲ. ಆದಕಾರಣ ಸಂಘದ ಪ್ರತಿನಿಧಿ ಒಬ್ಬನನ್ನು ಸಮಿತಿಯ ಮೂಲೆಯಲ್ಲಿ ಕೂರಿಸಿ ಸಮುದಾಯವನ್ನು ಕೇಳಿದ್ದಾಯಿತೆಂದು ಕೈತೊಳೆದುಕೊಳ್ಳುವುದು, ಕೇಳದಿರುವುದಕ್ಕಿಂತ ಹೆಚ್ಚು ಉತ್ತಮವೇನಲ್ಲ. 1935ರಲ್ಲಿ ಅಮೆರಿಕದ ಆಕ್ರನ್ ಪಟ್ಟಣದಲ್ಲಿ ಇಬ್ಬರು ಕುಡುಕರ ಭೇಟಿಯಿಂದ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಸಂಸ್ಥೆ ಕುಡಿತ ಬಿಟ್ಟವನ ಅನುಭವಕ್ಕೆ ಬೆಲೆ ತಂದಿತೆಂಬುದು ನಿಜ; ಆದರೆ ಅದು ಹೆಸರನ್ನು ಮರೆಮಾಡಿಕೊಂಡು, ಸಾರ್ವಜನಿಕ ವಿವಾದಗಳಿಂದ ದೂರ ಉಳಿಯುವ ಸಂಪ್ರದಾಯದ್ದು. ಸಂಶೋಧನೆಯ ದಿಕ್ಕನ್ನು ತಿದ್ದುವ ಕೆಲಸ ಬೇರೆ. ಅದಕ್ಕೆ ಬಹಿರಂಗವಾಗಿ ಎದ್ದುನಿಂತು ಮಾತನಾಡುವವರು ಬೇಕು.

ಬಹಿರಂಗವಾಗಿ ನಿಲ್ಲುವುದಕ್ಕೆ ನಮ್ಮಲ್ಲಿ ದೊಡ್ಡ ಅಡ್ಡಿ ಕಾನೂನು. 1985ರ ಮಾದಕದ್ರವ್ಯ ಕಾಯಿದೆಯ 27ನೆಯ ಪ್ರಕರಣದಂತೆ ಸೇವನೆಯೇ ಅಪರಾಧ, ಒಂದು ವರ್ಷದವರೆಗೆ ಸೆರೆವಾಸ ಆಗಬಹುದು. ಸ್ವಇಚ್ಛೆಯಿಂದ ಚಿಕಿತ್ಸೆಗೆ ಬಂದ ವ್ಯಸನಿಗೆ 64-ಎ ಪ್ರಕರಣದಲ್ಲಿ ರಕ್ಷಣೆಯುಂಟಾದರೂ, ಸಂಶೋಧಕನ ಮುಂದೆ ನಿಜ ನುಡಿದವನ ಮನಸ್ಸಿನಲ್ಲಿ ಅಂಜಿಕೆ ಉಳಿದೇ ಇರುತ್ತದೆ. ಇದಕ್ಕೆ ಪ್ರತಿಯಾಗಿ 2017ರ ಎಚ್‌ಐವಿ ಕಾಯಿದೆ ಎರಡು ಉಪಕಾರ ಮಾಡಿದೆ: ಸೋಂಕಿನ ಅಪಾಯ ತಗ್ಗಿಸಲು ಶುದ್ಧ ಸೂಜಿ ಕೊಡುವಂಥ ಕಾರ್ಯ ಅಪರಾಧವಲ್ಲವೆಂದು ಸ್ಪಷ್ಟಪಡಿಸಿತು, ತಿಳಿವಳಿಕೆಯ ಒಪ್ಪಿಗೆಯಿಲ್ಲದೆ ಸೋಂಕಿತರನ್ನು ಸಂಶೋಧನೆಗೆ ಒಳಪಡಿಸಕೂಡದೆಂದಿತು. ಕಾನೂನಿನ ಭಯದಿಂದ ಮುಕ್ತವಾದ ವ್ಯಸನವೊಂದು ನಮ್ಮ ಮುಂದೆಯೇ ಇದೆ, ಅದು ಮದ್ಯ. ಕರ್ನಾಟಕದಲ್ಲಿ ಕೆಲಸ ಅಲ್ಲಿಂದ ಆರಂಭವಾಗುವುದಕ್ಕೆ ಅಡ್ಡಿಯೇನೂ ಇಲ್ಲ.

2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಪ್ಯಾಕೆಟ್ ಸಾರಾಯಿ ಕುಡಿಯುತ್ತಿದ್ದ ಕೂಲಿಯವನು ಮರುದಿನದಿಂದ ಏನು ಮಾಡಿದನು, ಅಗ್ಗದ ವಿಸ್ಕಿಯ ಕಡೆ ತಿರುಗಿದವನ ಖರ್ಚು ಹೆಚ್ಚಿತೇ, ಏಕಾಏಕಿ ಕುಡಿತ ನಿಂತಾಗ ನಡುಕ, ಸೆಳವು, ಭ್ರಾಂತಿ ಬಂದವನನ್ನು ಮನೆಯವರು ಯಾವ ವೈದ್ಯನ ಬಳಿಗೆ ಕರೆದೊಯ್ದರು ಎಂಬುದನ್ನು ಅಂಗಡಿಯ ಮಾರಾಟದ ಲೆಕ್ಕ ಹೇಳದು, ಕುಡಿದವರು ಹೇಳಬೇಕು. ದೇವನಹಳ್ಳಿ, ಹೊಸಕೋಟೆ, ದೊಡ್ಡಬಳ್ಳಾಪುರ, ನೆಲಮಂಗಲ ತಾಲ್ಲೂಕುಗಳಲ್ಲಿ ಇಪ್ಪತ್ತು ವರ್ಷಗಳಿಂದೀಚೆಗೆ ಜಮೀನು ಮಾರಿದ ಹಣ ಒಮ್ಮೆಗೇ ಕೈಗೆ ಬಂದ ಮನೆಗಳಲ್ಲಿ ಕುಡಿತದ ರೀತಿ ಹೇಗೆ ಮಾರ್ಪಟ್ಟಿತು, ರಾತ್ರಿ ಪಾಳಿಯಲ್ಲಿ ದುಡಿಯುವವರ ಕುಡಿತಕ್ಕೂ ಹಗಲು ದುಡಿಯುವವರ ಕುಡಿತಕ್ಕೂ ಏನು ಭೇದ, ಬಿಡಿಸುವ ಶಿಬಿರಕ್ಕೆ ಹೋಗಿಬಂದವನು ಮತ್ತೆ ಕುಡಿಯತೊಡಗುವುದು ಯಾವ ವಾರದಲ್ಲಿ, ಯಾವ ಕಾರಣದಿಂದ ಎಂಬ ಪ್ರಶ್ನೆಗಳು ಬೆಂಗಳೂರಿನ ಮೇಜಿನ ಮೇಲೆ ಹುಟ್ಟುವುದು ಕಷ್ಟ; ಕುಡಿದು ಬಿಟ್ಟವರನ್ನೂ, ಬಿಡಲಾರದೆ ಇರುವವರನ್ನೂ, ಅವರೊಡನೆ ಬಾಳಿದ ಹೆಂಗಸರನ್ನೂ ಬೇರೆ ಬೇರೆಯಾಗಿ ಕೂರಿಸಿ ಕೇಳಿದರೆ ಒಂದು ಮಧ್ಯಾಹ್ನದಲ್ಲಿ ಹುಟ್ಟಿಯಾವು.

ಆದುದರಿಂದ ನಮ್ಮ ಜಿಲ್ಲೆಯಲ್ಲಿ ಮುಂದೆ ಇಂಥ ಅಧ್ಯಯನವೊಂದು ನಡೆಯುವುದಾದರೆ ಮೂರು ಸಂಗತಿಗಳನ್ನು ಊರಿನವರೂ ಕೇಳಬಹುದು, ಕೇಳಲೂಬೇಕು. ಪ್ರಶ್ನಾವಳಿ ಅಚ್ಚಿಗೆ ಹೋಗುವ ಮೊದಲು ಅದನ್ನು ಆ ಅನುಭವವುಳ್ಳ ಕೆಲವರ ಮುಂದೆ ಓದಿ ತಿದ್ದಿಸಿದ್ದಾರೆಯೆ? ಅಧ್ಯಯನ ಮುಗಿದ ಮೇಲೆ ಭಾಗವಹಿಸಿದವರ ಚಿಕಿತ್ಸೆಗೆ ಯಾರು ಹೊಣೆಯೆಂಬುದು ಆರಂಭದಲ್ಲಿಯೇ ಬರಹದಲ್ಲಿದೆಯೆ? ಕಂಡುಕೊಂಡದ್ದನ್ನು ಉತ್ತರ ಕೊಟ್ಟವರಿಗೆ ಅವರಿಗೆ ತಿಳಿಯುವ ಕನ್ನಡದಲ್ಲಿ ಬಂದು ಹೇಳುವರೆ? ಇವುಗಳಿಗೆ ಹೊಸ ಕಾಯಿದೆ ಬೇಕಾಗಿಲ್ಲ, ದೊಡ್ಡ ಅನುದಾನವೂ ಬೇಕಾಗಿಲ್ಲ. ತನಗಿಂತ ಕೀಳೆಂದು ತಾನು ಎಣಿಸಿದವನಿಗೆ ತಾನರಿಯದುದು ತಿಳಿದಿರಬಹುದೆಂಬುದನ್ನು ಒಪ್ಪುವ ಸೌಜನ್ಯ ಬೇಕು. ಆ ಸೌಜನ್ಯವಿಲ್ಲದೆಡೆಯಲ್ಲಿ ಚಿಕಿತ್ಸೆ ಎಷ್ಟು ಉತ್ತಮವಾದರೂ 38ರಲ್ಲಿ ಒಬ್ಬನನ್ನು ಮಾತ್ರ ಮುಟ್ಟೀತು. ಉಳಿದ 37 ಮಂದಿ ಏಕೆ ಹೊರಗುಳಿದರೆಂಬುದನ್ನು ಅವರಿಂದಲೇ ಕೇಳಿ ತಿಳಿಯುವವರೆಗೆ ವ್ಯಸನವನ್ನು ಕುರಿತ ನಮ್ಮ ತಿಳಿವಳಿಕೆಯೂ ಆ ಒಬ್ಬನಿಗೆ ಸೀಮಿತವಾದುದೇ.